ಡಿಎನ್‌ಎಸ್ ಎಂಬವನು

೨೦೦೮ರಲ್ಲಿ ಕುಂದಾಪುರದ ಬಸ್‌ಸ್ಟ್ಯಾಂಡ್ ಹತ್ತಿರ ನನ್ನದೊಂದು ಸೈಬರ್ ಕೆಫೆ ಇತ್ತು. ನೆಟ್ ನಿಂತಾಗಲೆಲ್ಲ ನಾನು ಡಿಎನ್‌ಎಸ್ಸನ್ನು ಬೈಯುತ್ತಿದ್ದೆ, ಅದೂ ಯಾರೋ ಕೆಲಸಗಳ್ಳನನ್ನು ಬೈದ ಹಾಗೆ. ವೆಬ್‌ಸೈಟಿನ ಹೆಸರು ಹೇಳಿದರೆ ಅದರ ವಿಳಾಸ ಹುಡುಕಿಕೊಡುವ ಪಾಪದ ವ್ಯವಸ್ಥೆ ಅದು. ಹತ್ತರಲ್ಲಿ ಒಂಬತ್ತು ಸಲ ತಪ್ಪು ಅದರದ್ದಾಗಿರುತ್ತಿರಲಿಲ್ಲ. ಗಿರಾಕಿಗಳಿಗೆ ಅದೆಲ್ಲ ಏನು ಗೊತ್ತು?

ಬೀಜಾಡಿಯಿಂದ ಮೀನು ಮಾರಲು ಬರುವ ಸುಗುಣಕ್ಕ ಒಂದು ಮಧ್ಯಾಹ್ನ ಖಾಲಿ ಬುಟ್ಟಿ ಹೊರಗಿಟ್ಟು ಒಳಗೆ ಬಂದರು. ಮುಂಬೈಯಲ್ಲಿ ಹಾಸಿಗೆ ಹಿಡಿದಿದ್ದ ತಮ್ಮನ ಮುಖವನ್ನು ಅವರು ಕ್ಯಾಮೆರಾದಲ್ಲಿ ನೋಡಬೇಕಿತ್ತು. ನೆಟ್ ಇರಲಿಲ್ಲ.

“ಡಿಎನ್‌ಎಸ್ ಕೈಕೊಟ್ಟ, ಅಕ್ಕ. ನಾಳೆ ಬನಿ” ಎಂದೆ, ಕುರ್ಚಿಯಿಂದ ಏಳದೆ.

ಅವರು ಹೋದ ಮೇಲೆ ಕಂಡಿತು: ಸೆಖೆಗೆ ಫ್ಯಾನ್ ಹಾಕಲೆಂದು ಮೋಡೆಮ್ಮಿನ ಪ್ಲಗ್ಗನ್ನು ನಾನೇ ಕಿತ್ತಿಟ್ಟಿದ್ದೆ. ಅವರ ತಮ್ಮ ಅಂದೇ ಸಂಜೆ ತೀರಿಕೊಂಡ.

ಕೆಫೆ ಮುಚ್ಚಿ ಅದೇ ಜಾಗದಲ್ಲಿ ಮೊಬೈಲ್ ಅಂಗಡಿ ಹಾಕಿ ಆರು ವರ್ಷವಾಯಿತು. ಈಗಲೂ ಮೀನು ಬೇಗ ಖಾಲಿಯಾದ ದಿನ ಸುಗುಣಕ್ಕ ಬಾಗಿಲಲ್ಲಿ ಬಂದು ನಿಲ್ಲುತ್ತಾರೆ.

“ಹ್ವಾಯ್, ಆ ಡಿಎನ್‌ಎಸ್ ಅಂಬವ ಬಂದ್ನಾ? ಅವ್ನ್ ಹತ್ರ ಒಂದ್ ಮಾತ್ ಕೇಣ್ಕಿತ್.”

“ಇಲ್ಲ ಅಕ್ಕ, ಅವ ಇವತ್ತೂ ಬರ್ಲಿಲ್ಲ” ಎನ್ನುತ್ತೇನೆ, ಅವರ ಎದುರೇ ಕೂತುಕೊಂಡು.