ಊರ ಕೋರ್ಟಿಗೆ ವಾಪಸು ಬಂದ ಕೇಸು

ನನ್ನ ಗಂಡ ಕ್ಲೆಲ್ ಒಂದು ಹನಿ ಕುಡಿದವನಲ್ಲ. ನಮ್ಮೂರಲ್ಲಿ ಯಾರನ್ನು ಬೇಕಾದರೂ ಕೇಳಿ. ಮರದ ಮಿಲ್ಲಿನಲ್ಲಿ ಗುತ್ತಿಗೆ ಮೇಲೆ ಗರಗಸ ನಡೆಸುತ್ತಿದ್ದವನು ಅದೇ ಗರಗಸಕ್ಕೆ ಸಿಕ್ಕಿ ಸತ್ತ. ಕುಡಿದು ಬಂದು, ಗರಗಸದ ಹಲ್ಲಿಗೆ ಅಡ್ಡ ಇರುವ ಗಾರ್ಡನ್ನು ತಾನೇ ಬಿಚ್ಚಿದ ಅಂತ ಕಂಪನಿ ಹೇಳಿತು. ಅವರ ನಾಲಿಗೆ ಸೇದಿಹೋಗ.

ನನಗೆ ಬೇಕಿದ್ದದ್ದು ಇಷ್ಟೇ: ಅವನನ್ನು ಬಲ್ಲ ಜನರೆದುರು, ನಮ್ಮೂರ ಕೋರ್ಟಿನಲ್ಲಿ, ಆ ಮಾತು ಸುಳ್ಳು ಅಂತ ಆಗಬೇಕು. ವಕೀಲ ಎಸ್ಟಿಲ್ ತಲೆ ಕೆರೆದುಕೊಂಡ. ಕಂಪನಿ ಹೊರರಾಜ್ಯದ್ದು, ಅದೊಂದರ ಮೇಲೆಯೇ ದಾವೆ ಹಾಕಿದರೆ ಕೇಸನ್ನು ಬೆಟ್ಟದಾಚೆ ಇರುವ ಕೇಂದ್ರ ಸರ್ಕಾರದ ಫೆಡರಲ್ ಕೋರ್ಟಿಗೆ ಎಳೆದೊಯ್ಯುತ್ತಾರಂತೆ. ಅಲ್ಲಿ ಕ್ಲೆಲ್‌ನ ಮುಖ ಕಂಡವರು ಯಾರಿದ್ದಾರೆ? ನಮ್ಮ ಕೆಂಟಕಿ ರಾಜ್ಯದವನೊಬ್ಬನೂ ಪ್ರತಿವಾದಿಯಾದರೆ ಕೇಸು ಇಲ್ಲೇ ಉಳಿಯುತ್ತದಂತೆ. ಹಾಗಾಗಿ ಮಿಲ್ಲಿನ ಮೇಸ್ತ್ರಿ ಹೋಬರ್ಟ್‌ನ ಹೆಸರನ್ನೂ ಸೇರಿಸಿದೆವು.

ಹೋಬರ್ಟ್ ಕ್ಲೆಲ್‌ನ ಶವಪೆಟ್ಟಿಗೆಗೆ ಹೆಗಲು ಕೊಟ್ಟವನು. ಅವನ ಹೆಸರಿದ್ದ ಸಾಲನ್ನು ಓದದೆಯೇ ದಾವೆಗೆ ಸಹಿ ಹಾಕಿದೆ. ಅವನ ಹೆಂಡತಿ ಲಾಟಿ ಮುಂದಿನ ಭಾನುವಾರ ಚರ್ಚಿನಲ್ಲಿ ನನ್ನ ಬೆಂಚು ಬಿಟ್ಟು ಎದ್ದುಹೋದಳು.

ಕಂಪನಿ ಸುಮ್ಮನಿರುತ್ತದೆಯೇ? ಹೋಬರ್ಟ್‌ನದೇನೂ ತಪ್ಪಿಲ್ಲ, ಕೇಸನ್ನು ಊರಲ್ಲೇ ಕಟ್ಟಿಹಾಕಲು ಅವನ ಹೆಸರು ಎಳೆದಿದ್ದಾರೆ ಅಂತ ಹೇಳಿ, ಕೇಸನ್ನು ಬೆಟ್ಟದಾಚೆ ಒಯ್ದೇಬಿಟ್ಟಿತು. ನಿಜ ಹೇಳಬೇಕೆಂದರೆ, ಹೋಬರ್ಟ್‌ನದು ತಪ್ಪಿಲ್ಲ ಅಂತ ನಾನೂ ಅಂದುಕೊಂಡಿದ್ದೆ.

ಒಂದು ಸಂಜೆ ಹೋಬರ್ಟ್ ಮನೆಗೆ ಬಂದ. ಕಾಫಿ ಕೊಟ್ಟರೆ ಮುಟ್ಟಲಿಲ್ಲ. ಆ ದಿನದ ಕೆಲಸಕ್ಕೂ ತನಗೂ ಸಂಬಂಧವಿಲ್ಲ ಅಂತ ಸಹಿ ಹಾಕಲು ಕಂಪನಿ ಹೇಳಿದೆಯಂತೆ. ಹಾಕಿದರೆ ಕೇಸಿನಿಂದ ಅವನ ಹೆಸರು ಬಿಟ್ಟುಹೋಗುತ್ತದೆ, ಕೆಲಸ ಉಳಿಯುತ್ತದೆ. ನನ್ನ ಕೇಸು ಮಾತ್ರ ಬೆಟ್ಟದಾಚೆಯೇ ಕೊಳೆಯುತ್ತದೆ.

"ಹಾಕ್ಬಿಡು ಹೋಬರ್ಟ್," ಅಂದೆ. "ಸುಮ್‌ಸುಮ್ನೆ ನಿನ್ ಹೊಟ್ಟೆ ಮೇಲೆ ನಾನ್ಯಾಕೆ ಹೊಡೀಲಿ."

"ಸುಮ್‌ಸುಮ್ನೆ ಅಲ್ಲ, ಒರ್ಡೆಲಾ. ಕೆಲಸ ಬೇಗ ಆಗ್ಲಿ, ಗಾರ್ಡ್ ಬಿಚ್ಚು ಅಂದೋನು ನಾನೇ. ಉಪ್ಪು ತಿಂದೋನು ನೀರು ಕುಡೀಲೇಬೇಕು."

ಬಿಸಿ ಕಾಫಿಯನ್ನು ಅವನ ಮುಖಕ್ಕೆ ಎರಚಬೇಕೆನಿಸಿತು. ಎದ್ದು ಹೋಗು ಅಂದೆ, ಹೋದ. ಮರುದಿನ ಎಸ್ಟಿಲ್ ಎದುರು ಪ್ರಮಾಣ ಮಾಡಿ ಅದನ್ನೇ ಹೇಳಿದ. ಮಿಲ್ಲಿನವರು ಅವನನ್ನು ಕೆಲಸದಿಂದ ತೆಗೆದರು. ಊರಿನವನ ಮೇಲಿನ ದೂರಿಗೂ ಆಧಾರವಿದೆ ಅಂತ ಫೆಡರಲ್ ಜಡ್ಜ್ ಕೇಸನ್ನು ನಮ್ಮ ಕೋರ್ಟಿಗೇ ವಾಪಸು ಕಳಿಸಿದರು.

ವಿಚಾರಣೆಯ ದಿನ ಕಾಲಿಡಲು ಜಾಗವಿರಲಿಲ್ಲ. ಮಿಲ್ಲಿನ ಗಂಡಸರೆಲ್ಲ ಬಂದಿದ್ದರು. ಕ್ಲೆಲ್ ಕುಡಿದಿದ್ದನೇ ಅಂತ ಸಾಕ್ಷಿಕಟ್ಟೆಯಲ್ಲಿದ್ದ ಹೋಬರ್ಟ್‌ನನ್ನು ಎಸ್ಟಿಲ್ ಕೇಳಿದ.

"ಇಲ್ಲ," ಅಂದ ಹೋಬರ್ಟ್. "ಗಾರ್ಡ್ ಬಿಚ್ಚಲ್ಲ, ಒರ್ಡೆಲಾಗೆ ಮಾತು ಕೊಟ್ಟಿದ್ದೀನಿ ಅಂದ ಕ್ಲೆಲ್. ಹೆಂಡ್ತಿಗೆ ಹೆದರ್ತೀಯೇನೋ ಅಂತ ನಾನು ನಕ್ಕೆ. ಅಲ್ಲಿದ್ದೋರೆಲ್ಲ ನಕ್ರು. ಆಮೇಲೆ ಬಿಚ್ಚಿದ."

ಇಡೀ ಊರ ಮುಂದೆಯೇ ಆಗಬೇಕು ಅಂತ ಹಟ ಹಿಡಿದವಳು ನಾನು. ತಿರುಗಿ ನೋಡಿದೆ. ಆವತ್ತು ನಕ್ಕವರೆಲ್ಲ ಬೆಂಚುಗಳ ಮೇಲೆ ಕೂತಿದ್ದರು. ಒಬ್ಬನೂ ತಲೆ ಎತ್ತಲಿಲ್ಲ.