ತುದಿ ಹಿಡಿಯುವವಳು

ಅಟ್ಟದಿಂದ ಮಗಳು ಎಳೆದ ರಟ್ಟಿನ ಪೆಟ್ಟಿಗೆಯ ತಳ ಕಿತ್ತುಬಂದು ಸ್ಟೀಲ್ ಲೋಟಗಳು ನೆಲದ ಮೇಲೆಲ್ಲ ಉರುಳಿದವು. ಅಮ್ಮನ ಹೆಣದ ಸುತ್ತ ಕೂತು ಅಳುತ್ತಿದ್ದವರು ತಿರುಗಿ ನೋಡಿದರು.

"ಇಷ್ಟೊಂದು ಹೊಸ ಲೋಟ ಎಲ್ಲಿತ್ತೇ?" ಎಂದಳು ಚಿಕ್ಕಮ್ಮ.

"ಫ್ಯಾಕ್ಟರಿ ಬಹುಮಾನ. ಅಮ್ಮ ಒಂದನ್ನೂ ಬಳಸ್ಲಿಲ್ಲ. ಮುಟ್ಟಿದ್ರೆ ಕೈ ಮುರೀತೀನಿ ಅಂತಿದ್ಲು."

ಮಗಳು ಹುಡುಕುತ್ತಿದ್ದುದು ಅಮ್ಮನಿಗೆ ಹೊದಿಸಲು ಒಂದು ಬಿಳಿ ಬೆಡ್‌ಶೀಟು. ಅಮ್ಮ ಫ್ಯಾಕ್ಟರಿಯಲ್ಲಿ ಜೀವಮಾನವಿಡೀ ಹೊಲಿದದ್ದು ಬೆಡ್‌ಶೀಟುಗಳನ್ನೇ. ಲೋಟಗಳ ಅಡಿಯಲ್ಲಿ ಸಿಕ್ಕಿತು. ಅಂಚು ಸೊಟ್ಟಗಿತ್ತು.

ಆಗಷ್ಟೇ ಒಳಬಂದ ಮುದುಕಿ, ಫ್ಯಾಕ್ಟರಿಯಲ್ಲಿ ಅಮ್ಮನ ಪಕ್ಕದ ಮೆಷಿನ್ನಿನಲ್ಲಿದ್ದವಳು, ಎಲ್ಲರ ಬಾಯಲ್ಲೂ ಮೋಟುಜಡೆ, ಹೊಲಿಗೆಯ ಮೇಲೆ ಬೆರಳಾಡಿಸಿದಳು.

"ಒಬ್ಳೇ ಹೊಲಿದಿದಾಳೆ."

*

ಉದ್ದನೆಯ ಬಟ್ಟೆಯನ್ನು ಒಬ್ಬರೇ ಹೊಲಿದರೆ ಭಾರಕ್ಕೆ ಜಗ್ಗಿ ಅಂಚು ಓರೆಯಾಗುತ್ತದೆ. ಅದಕ್ಕೇ ಆಗೆಲ್ಲ ಫ್ಯಾಕ್ಟರಿಯಲ್ಲಿ ಅಮ್ಮ ಹೊಲಿಯುವಾಗ ಮೋಟುಜಡೆ ಮೆಷಿನ್ನಿನ ಹಿಂದೆ ನಿಂತು ತುದಿ ಹಿಡಿಯುವಳು. ಆಮೇಲೆ ಅದಲುಬದಲು.

"ಬಿಗಿಯಾಗಿ ಹಿಡಿಯೇ, ಗಂಡನ ಕೈ ಅಂದ್ಕೊಂಡ್ಯಾ?" ಎನ್ನುವಳು ಅಮ್ಮ.

"ಗಂಡನ ಕೈಯಾಗಿದ್ರೆ ಯಾವತ್ತೋ ಬಿಟ್ಟಿರ್ತಿದ್ದೆ!"

ಹೊಸ ಮೇಲ್ವಿಚಾರಕ ಬಂದವನೇ, ಯಾರು ಹೆಚ್ಚು ಹೊಲಿಯುತ್ತಾರೋ ಅವರಿಗೆ ಪ್ರತಿ ತಿಂಗಳೂ ಬಹುಮಾನ ಎಂದ. ತುದಿ ಹಿಡಿದದ್ದು ಯಾವ ಲೆಕ್ಕಕ್ಕೂ ಬರಲಿಲ್ಲ. "ತಾಳೇ, ಇದೊಂದು ಮುಗಿಸಿ ಬಂದೆ" ಎಂದ ಅಮ್ಮ ಮೋಟುಜಡೆಯ ತುದಿ ಹಿಡಿಯಲು ಎದ್ದು ಹೋಗಲೇ ಇಲ್ಲ. ಬಹುಮಾನ ಅವಳಿಗೇ ಬಂತು. ಎಲ್ಲರೂ ಚಪ್ಪಾಳೆ ತಟ್ಟುವಾಗ ಮೋಟುಜಡೆ ತಲೆ ತಗ್ಗಿಸಿ ಸೂಜಿಗೆ ದಾರ ಪೋಣಿಸುತ್ತಿದ್ದಳು.

ಆಮೇಲೆ ಅಲ್ಲಿ ಯಾರೂ ಯಾರ ತುದಿಯನ್ನೂ ಹಿಡಿಯಲಿಲ್ಲ. ಸೊಟ್ಟ ಬೆಡ್‌ಶೀಟುಗಳು ಗಂಟುಗಂಟಾಗಿ ಅಂಗಡಿಗಳಿಂದ ವಾಪಸು ಬಂದವು. ಲೋಟಗಳು ಮಾತ್ರ ಬರುತ್ತಲೇ ಇದ್ದವು.

*

"ದೊಡ್ಡಮ್ಮಾ, ಅಮ್ಮ ಒಂದ್ಸಲ ನಿಮ್ಮನೆವರೆಗೂ ಬಂದಿದ್ಲಂತೆ. ಬೀಗ ಹಾಕಿತ್ತು ಅಂದ್ಲು," ಎಂದಳು ಮಗಳು ಮೋಟುಜಡೆಗೆ.

"ಬೀಗ ಇರ್ಲಿಲ್ಲ ಮಗಾ. ನಾನು ಒಳಗೇ ಇದ್ದೆ." ಮೋಟುಜಡೆ ಕಣ್ಣೆತ್ತಲಿಲ್ಲ. "ಕತ್ತರಿ ಕೊಡು."

ಅವಳು ಬೆಡ್‌ಶೀಟಿನ ಹಳೆಯ ಹೊಲಿಗೆ ಬಿಚ್ಚಿದಳು. ನಡುಮನೆಯಲ್ಲಿದ್ದ ಅಮ್ಮನ ಮೆಷಿನ್ನಿನ ಮುಂದೆ ಕುಳಿತು ಅಂಚು ಮಡಚಿದಳು. ಮೆಷಿನ್ನಿನ ಆಚೆಗೇ ಅಮ್ಮನನ್ನು ಮಲಗಿಸಿದ್ದರು. ಹೊಲಿಯುತ್ತಾ ಹೋದಂತೆ ಬಟ್ಟೆ ಹಿಂದಕ್ಕೆ ಜಾರಿ ಅಮ್ಮನ ಕೈಗಳ ಮೇಲೆ ಬಿತ್ತು.

ಮಗಳು ಅದನ್ನು ಎತ್ತಲು ಬಾಗಿದಳು.

"ಬಿಡು ಮಗಾ. ಅವಳು ಹಿಡ್ಕೊಂಡಿದಾಳೆ."

ಬಟ್ಟೆ ಜಗ್ಗುತ್ತಿತ್ತು. ಹೊಲಿಗೆ ಮತ್ತೆ ಓರೆಯಾಗುತ್ತಾ ಹೋಯಿತು. ಮೋಟುಜಡೆ ಮೆಷಿನ್ ತುಳಿಯುತ್ತಲೇ ಇದ್ದಳು.