ಒಂದೇ ಸೂಜಿಯ ಮಕ್ಕಳು

ಬೇರೆಯವರ ಮನೆಯಲ್ಲಿ ಗಂಡು ಗೊತ್ತುಮಾಡುವಾಗ ಕುಲ ಕೇಳುತ್ತಾರೆ, ಕೆಲಸ ಕೇಳುತ್ತಾರೆ. ನಮ್ಮ ಮನೆಯಲ್ಲಿ ಕಿವಿ ನೋಡಿದರು. ನನ್ನ ಅಪ್ಪ ಜವರಯ್ಯ ಊರ ಗರಡಿಯ ಉಸ್ತಾದ್. ತಾನೇ ತಯಾರು ಮಾಡಿದ ಪೈಲ್ವಾನನೊಬ್ಬನನ್ನು ಒಂದು ದಿನ ಮನೆಗೆ ಕರೆತಂದು, ಅವನ ಗಲ್ಲ ಹಿಡಿದು ಮುಖವನ್ನು ಪಕ್ಕಕ್ಕೆ ತಿರುಗಿಸಿ, "ನೋಡವ್ವಾ, ಕಿವಿ ಅಂದ್ರೆ ಇದು," ಎಂದ. ಮಡಿಕೆಗಳೆಲ್ಲ ಮುಚ್ಚಿಹೋಗಿ ಕಡುಬಿನ ಹಾಗೆ ಗಟ್ಟಿಯಾಗಿದ್ದ ಕಿವಿ. ವರ್ಷಗಟ್ಟಲೆ ಎದುರಾಳಿಯ ಭುಜಕ್ಕೂ ಅಖಾಡದ ಕೆಮ್ಮಣ್ಣಿಗೂ ತಲೆ ಉಜ್ಜಿದವನಿಗಷ್ಟೇ ಅಂಥ ಕಿವಿ ಬರುವುದು. ಹೆಸರು ಪುಟ್ಟಮಾದಯ್ಯ, ಆಳು ಮಾತ್ರ ನಮ್ಮ ಬಾಗಿಲ ಚೌಕಟ್ಟು ತುಂಬಿ ನಿಂತಿದ್ದ. ನನಗೆ ಮೊದಲು ನಗು ಬಂತು, ಆಮೇಲೆ ಇಷ್ಟವೂ ಆಯಿತು.

ಅಂಥ ಕಿವಿಯವರನ್ನು ಕಟ್ಟಿಕೊಂಡ ಹೆಂಗಸರಿಗೆ ಒಂದು ಕಷ್ಟವಿದೆ. ಅವರಿಗೆ ಪಿಸುಮಾತು ಕೇಳಿಸುವುದಿಲ್ಲ. ಪ್ರೀತಿಯ ಮಾತನ್ನೂ ಸಂತೆಯಲ್ಲಿ ಕೂಗಿದ ಹಾಗೆ ಹೇಳಬೇಕು. ಮದುವೆಯಾದ ಹೊಸತರಲ್ಲಿ ಪಕ್ಕದ ಮನೆಯ ಮುದುಕಿ ಬೆಳಿಗ್ಗೆ ನನ್ನನ್ನು ಕಂಡರೆ ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದಳು. ನಗಲಿ ಎಂದು ಬಿಟ್ಟುಬಿಟ್ಟೆ. ದೊಡ್ಡ ಕುಸ್ತಿಗೆ ಮುಂಚೆ ಮಾತ್ರ ನಮ್ಮ ಮನೆ ಸದ್ದಿಲ್ಲದೆ ಇರುತ್ತಿತ್ತು. ಆಗ ಪೈಲ್ವಾನರಿಗೆ ವ್ರತ. ಹೆಂಡತಿಯ ಹತ್ತಿರ ಸುಳಿಯುವಂತಿಲ್ಲ, ಗರಡಿಯಲ್ಲೇ ಮಲಗಬೇಕು. ಉಸ್ತಾದನ ಮಗಳಾಗಿ ಅದನ್ನು ಮುರಿಯಲು ಹೋಗುವವಳು ನಾನಲ್ಲ. ಕುಸ್ತಿ ಮುಗಿದದ್ದೇ ಅವರು ಗೆದ್ದರೂ ಸೋತರೂ ನೇರ ಮನೆಗೆ ಬರುತ್ತಿದ್ದರು. ಯಾರು ಗೆದ್ದರೆಂದು ಯಾರಾದರೂ ಕೇಳಿದರೆ, ನಾನೇ ಗೆದ್ದೆ ಎನ್ನುತ್ತಿದ್ದೆ.

ಗರಡಿಯಲ್ಲಿ ಒಂದು ಸೂಜಿಯಿತ್ತು. ಪೆಟ್ಟು ಬಿದ್ದ ಕಿವಿಯಲ್ಲಿ ರಕ್ತ ತುಂಬಿ ಊದಿಕೊಂಡಾಗ ಉಸ್ತಾದ್ ಅದರಿಂದ ಚುಚ್ಚಿ ರಕ್ತ ಇಳಿಸಬೇಕು. ಹನುಮಂತನ ಪಟದ ಹಿಂದೆ ಸಿಕ್ಕಿಸಿಟ್ಟಿದ್ದ ಆ ದಪ್ಪ ಸೂಜಿಯನ್ನು ಅಪ್ಪ ಅರಿಶಿನದ ನೀರಿನಲ್ಲಿ ಅದ್ದಿ, ಪಂಚೆಯ ಅಂಚಿನಿಂದ ಒರೆಸಿ ಚುಚ್ಚುತ್ತಿದ್ದ. ತನ್ನ ಕಿವಿ ಊದಿದಾಗಲೂ ಅದೇ ಸೂಜಿ. ಅಪ್ಪನಿಗೆ ಅದನ್ನು ಕೊಟ್ಟದ್ದು ಅವನ ಉಸ್ತಾದ್. ಬದಲಾಯಿಸಿದರೆ ಗರಡಿಗೆ ಕೇಡು ಎಂದು ಎಲ್ಲರೂ ನಂಬಿದ್ದರು. ಜಾತಿ ಮತ ಯಾವುದೇ ಇರಲಿ, ಆ ಸೂಜಿಗೆ ಕಿವಿ ಕೊಟ್ಟವರು ಒಂದೇ ತಾಯಿಯ ಮಕ್ಕಳ ಲೆಕ್ಕ. ಹಬ್ಬಕ್ಕೆ ಒಬ್ಬರ ಮನೆಗೊಬ್ಬರು ಹೋಗುವಾಗ, "ನಾವು ಒಂದೇ ಸೂಜಿಯೋರು," ಎಂದೇ ಹೇಳಿಕೊಳ್ಳುತ್ತಿದ್ದರು.

ನನ್ನ ಮದುವೆಯಾಗಿ ಕೆಲವು ವರ್ಷಗಳಾದ ಮೇಲೆ ಅಪ್ಪ ತೀರಿಕೊಂಡ. ಕಣ್ಣು ಹಳದಿಯಾಗಿ, ಹೊಟ್ಟೆಯಲ್ಲಿ ನೀರು ತುಂಬಿ, ಆನೆಯಂಥ ಆಳು ಕಡ್ಡಿಯಾಗಿ ಹೋದ. ಲಿವರ್ ಕೆಟ್ಟಿದೆ ಎಂದು ದೊಡ್ಡಾಸ್ಪತ್ರೆಯಲ್ಲಿ ಹೇಳಿದರು. ಊರಿಗೆ ಅಷ್ಟು ಸಾಕಾಯಿತು. ಜವರಯ್ಯ ಹುಡುಗರಿಗೆ ಹಾಲು ಕುಡಿಸಿ ತಾನು ಕದ್ದು ಬೇರೇನೋ ಕುಡಿಯುತ್ತಿದ್ದನಂತೆ ಎಂದು ಆಡಿಕೊಂಡರು. ಅಪ್ಪ ಕಾಫಿಯನ್ನೂ ಮುಟ್ಟಿದವನಲ್ಲ. ಆ ಮಾತು ಕಿವಿಗೆ ಬಿದ್ದಲ್ಲೆಲ್ಲ ನಾನು ಜಗಳವಾಡಿದೆ. ಮಡಕೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾಗುವುದಿಲ್ಲ. ಹೊಟ್ಟೆಯಲ್ಲಿ ಕೆಂಡ ಇಟ್ಟುಕೊಂಡು ಸುಮ್ಮನಾದೆ.

ಅಪ್ಪನ ನಂತರ ಗರಡಿ ನನ್ನ ಗಂಡನ ಕೈಗೆ ಬಂತು. ವರ್ಷಗಳು ಕಳೆದು ಅವರಿಗೂ ವಯಸ್ಸು ನಲವತ್ತು ದಾಟಿತು. ಒಂದು ವರ್ಷ ಹಬ್ಬದ ಕುಸ್ತಿಯೆಲ್ಲ ಮುಗಿದ ಮೇಲೂ ಅವರು ಗರಡಿಯಿಂದ ಹಾಸಿಗೆ ತರಲಿಲ್ಲ. ಕೇಳಿದರೆ, "ಇನ್ನೂ ವ್ರತ ಐತೆ," ಎಂದರು. ಊಟಕ್ಕೆ ಮನೆಗೆ ಬರುವರು. ತಟ್ಟೆ ತಾವೇ ತೊಳೆಯುವರು, ಲೋಟ ಬೇರೆ ಇಡುವರು. ಒಮ್ಮೆ ಗಡ್ಡ ಕೆರೆಯುವಾಗ ಕೆನ್ನೆ ಗಾಯವಾಗಿ ನಾನು ಸೆರಗಿನಿಂದ ಒತ್ತಲು ಹೋದರೆ ಹಾವು ಕಂಡವರಂತೆ ಹಿಂದೆ ಸರಿದರು. ನಾನು ಮಲ್ಲಿಗೆ ಮುಡಿದೆ, ಅವರಿಗೆ ಇಷ್ಟವಾದ ಹಸಿರು ಸೀರೆ ಉಟ್ಟೆ, ಪಕ್ಕದ ಮನೆಗೆ ಕೇಳಿಸಿದರೂ ಸರಿಯೆಂದು ಬಾಯಿಬಿಟ್ಟು ಕರೆದೆ. ಅವರು ಕೇಳಿಸಲಿಲ್ಲವೆಂಬಂತೆ ಚಪ್ಪಲಿ ಮೆಟ್ಟಿ ಹೊರಟುಹೋದರು. ನನಗೆ ಅವಮಾನವಾಯಿತು. ಗಂಡ ಬೇಕೆಂಬ ಆಸೆ ನನ್ನಲ್ಲಿ ಬತ್ತಿರಲಿಲ್ಲ. ಅದನ್ನು ಹೇಳಿಕೊಳ್ಳಲು ನನಗೆ ಆಗಲೂ ನಾಚಿಕೆಯಿರಲಿಲ್ಲ, ಈಗಲೂ ಇಲ್ಲ. ಇನ್ನೊಬ್ಬಳಿದ್ದಾಳೆ ಎಂದೇ ತೀರ್ಮಾನಿಸಿದೆ.

ಒಂದು ಬೆಳಿಗ್ಗೆ ಸೀದಾ ಗರಡಿಗೆ ಹೋದೆ. ಹೆಂಗಸರು ಗರಡಿಯ ಹೊಸ್ತಿಲು ದಾಟುವಂತಿಲ್ಲ. ಹೊರಗೇ ನಿಂತು ಅಪ್ಪನ ಹಳೆಯ ಗೆಳೆಯ ಇಮಾಮ್ ಸಾಬರನ್ನು ಕರೆದು, ವ್ರತ ಯಾವಾಗ ಮುಗಿಯುತ್ತದೆ ಎಂದು ಕೇಳಿದೆ.

"ಯಾವ ವ್ರತನವ್ವಾ? ಈಗ ಯಾವ ಕುಸ್ತಿನೂ ಇಲ್ವಲ್ಲ," ಎಂದರು ಅವರು.

ಅಂದು ಮಧ್ಯಾಹ್ನ ಊಟಕ್ಕೆ ಬಂದ ಗಂಡನ ಮುಂದೆ ಅನ್ನದ ಬದಲು ನಾನೇ ಕುಳಿತೆ. "ಯಾರವಳು? ಹೆಸರು ಹೇಳಿ," ಎಂದೆ.

ಅವರು ಬೆಪ್ಪಾಗಿ ನನ್ನನ್ನು ನೋಡಿದರು. ಆ ದೊಡ್ಡ ಭುಜಗಳು ಅಲುಗಲು ತೊಡಗಿದವು. "ಯಾರೂ ಇಲ್ಲ ಕಣೇ. ನನ್ ರಕ್ತ ಸರಿ ಇಲ್ಲ," ಎಂದರು.

ಗರಡಿಯವನೊಬ್ಬನ ತಾಯಿಯ ಆಪರೇಷನ್‌ಗೆ ರಕ್ತ ಕೊಡಲು ಹೋಗಿದ್ದರಂತೆ. ಪರೀಕ್ಷೆ ಮಾಡಿದವರು ಆಮೇಲೆ ಕರೆಸಿ, ನಿಮ್ಮ ರಕ್ತ ಬೇಡ, ಹೆಪಟೈಟಿಸ್ ಸಿ ಇದೆ, ಲಿವರ್‌ಗೆ ಬರುವ ಕಾಯಿಲೆ, ಡಾಕ್ಟರನ್ನು ನೋಡಿ ಎಂದರಂತೆ. ಇವರು ನೋಡಿರಲಿಲ್ಲ. "ರಕ್ತದಾಗಿರೋ ಕಾಯ್ಲೆಯಂತೆ. ನಿಂಗೆ ಅಂಟಿದ್ರೆ ನಾ ಏನ್ ಮಾಡ್ಲಿ? ಅದ್ಕೇ ದೂರ ಇದ್ದೆ," ಎಂದರು.

ನನಗೆ ಅಳು, ಕೋಪ, ಸಂತೋಷ ಮೂರೂ ಒಟ್ಟಿಗೆ ಬಂದವು. ಇನ್ನೊಬ್ಬಳಿಲ್ಲ! "ಇದನ್ನ ಹೇಳೋಕೆ ಬಾಯಿರ್ಲಿಲ್ವಾ ನಿಮ್ಗೆ? ಊಟ ಮಾಡಿ ಏಳಿ, ಆಸ್ಪತ್ರೆಗೆ ಹೋಗಾಣ," ಎಂದೆ. ಅವರು ಒಪ್ಪಲಿಲ್ಲ. ಎದುರಾಳಿಯನ್ನು ಎತ್ತಿ ಒಗೆಯುತ್ತಿದ್ದ ಮನುಷ್ಯ ಆಸ್ಪತ್ರೆಯ ಹೆಸರಿಗೆ ಬೆವರಿದರು. ನಾನು ಬಿಡಲಿಲ್ಲ; ಪೈಲ್ವಾನನ ಮಗಳು, ಹಿಡಿದ ಪಟ್ಟು ಬಿಡುವುದು ನನಗೆ ಯಾರೂ ಕಲಿಸಿರಲಿಲ್ಲ.

ಡಾಕ್ಟರ್ ನಿಖತ್ ಎಂಬ ನಡುವಯಸ್ಸಿನ ಹೆಂಗಸು ನಮ್ಮಿಬ್ಬರ ರಕ್ತವನ್ನೂ ತೆಗೆಸಿ ಮತ್ತೆ ಬರಲು ಹೇಳಿದರು. ಎರಡನೆಯ ಸಲ ಹೋದಾಗ ಮೊದಲು ನನಗೇ ಹೇಳಿದರು: "ನಿಮಗಿಲ್ಲಮ್ಮ. ಇಷ್ಟು ವರ್ಷ ಜೊತೆಗೆ ಬಾಳಿದ್ದೀರಿ, ನಿಮಗೆ ಬಂದಿಲ್ಲ." ನನ್ನ ಗಂಡ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡರು.

ಆಮೇಲೆ ಡಾಕ್ಟರ್ ಮುಚ್ಚುಮರೆಯಿಲ್ಲದೆ ಮಾತಾಡಿದರು. "ಅಪ್ಪಿಕೊಂಡರೆ ಬರಲ್ಲ, ಮುತ್ತು ಕೊಟ್ಟರೆ ಬರಲ್ಲ, ಒಂದೇ ತಟ್ಟೇಲಿ ಉಂಡರೂ ಬರಲ್ಲ. ಗಂಡ ಹೆಂಡತಿ ಸೇರೋದರಿಂದ ಬರೋದು ತೀರಾ ಅಪರೂಪ. ಹುಷಾರಾಗಿರಬೇಕಾದ್ದು ರಕ್ತದ ವಿಷಯದಲ್ಲಿ. ರೇಜರ್, ಹಲ್ಲುಜ್ಜೋ ಬ್ರಷ್ಷು, ಉಗುರು ಕತ್ತರಿಸೋದು ಬೇರೆ ಬೇರೆ ಇಟ್ಟುಕೊಳ್ಳಿ. ಮುಟ್ಟಿನ ದಿನ, ಹುಣ್ಣು ಗಾಯ ಇದ್ದಾಗ ಬೇಡ. ಮನಸ್ಸಿಗೆ ಅಳುಕಿದ್ದರೆ ಕಾಂಡೋಮ್ ಇದೆ. ಮಾತ್ರೆ ಕೊಡ್ತೀನಿ, ಕೆಲವು ತಿಂಗಳು ತಗೊಳ್ಳಬೇಕು; ಹೆಚ್ಚಿನವರಿಗೆ ಪೂರ್ತಿ ವಾಸಿಯಾಗತ್ತೆ." ನಂತರ ನನ್ನ ಗಂಡನತ್ತ ತಿರುಗಿ, "ಎಲ್ಲಿಂದ ಬಂತು ಅಂತ ಏನಾದರೂ ಅಂದಾಜಿದೆಯಾ? ಹಚ್ಚೆ, ಇಂಜೆಕ್ಷನ್, ರಕ್ತ ಹಾಕಿಸಿಕೊಂಡಿದ್ದು?" ಎಂದು ಕೇಳಿದರು.

ಅವರು ತಲೆ ತಗ್ಗಿಸಿ, "ಗೊತ್ತಿಲ್ಲ," ಎಂದರು. ಡಾಕ್ಟರ ಕಣ್ಣು ಅವರ ಕಿವಿಯ ಮೇಲಿತ್ತು. ನನ್ನ ಕಣ್ಣೂ ಅಲ್ಲಿಗೇ ಹೋಯಿತು. ನಾನು ಹೆಮ್ಮೆಯಿಂದ ಸವರುತ್ತಿದ್ದ ಅದೇ ಕಿವಿ. ಅವರು ಆಸ್ಪತ್ರೆಗೆ ಬರಲು ಯಾಕೆ ಹೆದರಿದ್ದರೆಂದು ಆ ಕ್ಷಣ ತಿಳಿಯಿತು.

"ಸೂಜಿ," ಎಂದೆ. "ನಮ್ಮಪ್ಪನ ಸೂಜಿ."

"ಸುಮ್ನಿರೇ," ಎಂದು ಅವರು ನನ್ನ ಕೈ ಅದುಮಿದರು. "ನಮ್ ಉಸ್ತಾದ್ರ ಹೆಸ್ರು ಇಲ್ಲಿ ಬರ್ಬಾರ್ದು. ಮೊದ್ಲೇ ಜನ ಕುಡುಕ ಅಂದವ್ರೆ, ಇನ್ ಇದೂ ಒಂದಾ?"

ನಾನು ಎಲ್ಲವನ್ನೂ ಹೇಳಿದೆ. ಡಾಕ್ಟರ್, ಅಪ್ಪ ಹೇಗೆ ಸತ್ತರು ಎಂದು ಕೇಳಿದರು. ಹಳದಿ ಕಣ್ಣು, ನೀರು ತುಂಬಿದ ಹೊಟ್ಟೆ, ಅದನ್ನೂ ಹೇಳಿದೆ. ಅವರು, "ಈಗ ಖಚಿತವಾಗಿ ಹೇಳೋಕಾಗಲ್ಲಮ್ಮ. ಆದರೆ ಹನಿ ಹೆಂಡ ಮುಟ್ಟದವರಿಗೂ ಈ ಕಾಯಿಲೆ ಲಿವರ್ ಹಾಗೆ ಹಾಳು ಮಾಡತ್ತೆ. ನೀವು ಹೇಳೋದೆಲ್ಲ ಇದಕ್ಕೆ ಹೊಂದತ್ತೆ," ಎಂದರು. ನಾನು ಆ ಕುರ್ಚಿಯಲ್ಲೇ ಕುಳಿತು ಮನಸಾರೆ ಅತ್ತೆ. ನನ್ನ ಅಪ್ಪ ತನ್ನ ಮಕ್ಕಳಂಥವರ ನೋವು ಇಳಿಸಲು ಹೋಗಿ, ತಿಳಿಯದೆ ಕಾಯಿಲೆ ಹಂಚಿದ, ತಾನೂ ಅದರಿಂದಲೇ ಹೋದ. ಕುಡಿದು ಹೋದವನಲ್ಲ.

ಮನೆಗೆ ಮರಳಿ ಮಾತ್ರೆ ಶುರುವಾಯಿತು. ಹಾಸಿಗೆಯೂ ಗರಡಿಯಿಂದ ಮನೆಗೆ ಬಂತು. ಆದರೆ ಅವರು ಅದರ ಅಂಚಿನಲ್ಲಿ ಮರದ ದಿಮ್ಮಿಯ ಹಾಗೆ ಮಲಗಿರುತ್ತಿದ್ದರು. ಡಾಕ್ಟರ ಮಾತು ತಲೆಗೆ ಹೋಗಿತ್ತು, ಕೈಗೆ ಹೋಗಿರಲಿಲ್ಲ. ನಾನು ಹತ್ತಿರ ಸರಿದರೆ ಉಸಿರು ಬಿಗಿಹಿಡಿಯುವರು. ಕೊನೆಗೆ ಒಂದು ದಿನ ಬಾಯಿಬಿಟ್ಟರು: "ಗರಡೀಲಿ ಇನ್ನೂ ಎಷ್ಟು ಜನಕ್ಕೆ ಐತೋ. ಅವ್ರ ಮನೇಲೂ ಹೆಂಡ್ರವ್ರೆ. ಅವ್ರಿಗೆ ಹೇಳ್ದೆ ನಾ ನಿನ್ನ ಹೆಂಗೆ ಮುಟ್ಲಿ? ಹೇಳಾಣ ಅಂದ್ರೆ ಉಸ್ತಾದ್ರ ಹೆಸ್ರು ಹೇಳ್ಬೇಕು. ನನ್ ಬಾಯಲ್ಲಿ ಬರಾಕಿಲ್ಲ."

ಈ ಮನುಷ್ಯನನ್ನು ಅಪ್ಪ ನನಗಾಗಿ ಆರಿಸಿದ್ದು ಸರಿಯಾಗಿತ್ತು ಎಂದು ಅಂದು ಅನಿಸಿದಷ್ಟು ಯಾವತ್ತೂ ಅನಿಸಿರಲಿಲ್ಲ. "ನೀವು ಹೇಳ್ಬೇಡಿ. ಅವನು ನಮ್ಮಪ್ಪ. ನಾ ಹೇಳ್ತೀನಿ," ಎಂದೆ.

ಮರುದಿನ ಬೆಳಿಗ್ಗೆ ತಾಲೀಮಿನ ಹೊತ್ತಿಗೆ ಹೋಗಿ ಹೊಸ್ತಿಲಲ್ಲಿ ನಿಂತೆ. ಒಳಗೆ ಎಲ್ಲರೂ ಇದ್ದರು. ನನ್ನ ಗಂಡ ಅಖಾಡದ ನಡುವೆ ಮಣ್ಣು ಮೆತ್ತಿಕೊಂಡು ನಿಂತಿದ್ದರು. ಕೂಗಿ ಮಾತಾಡುವ ಅಭ್ಯಾಸ ನನಗೆ ಇದ್ದೇ ಇತ್ತು. "ನನ್ ಗಂಡನಿಗೆ ರಕ್ತದ ಕಾಯ್ಲೆ ಐತೆ, ಔಷಧಿ ತಗೋತಾವ್ರೆ, ವಾಸಿಯಾಯ್ತದೆ," ಎಂದೆ. "ಅದು ಬಂದಿರೋದು ಈ ಸೂಜಿಯಿಂದ. ಇದ್ರಲ್ಲಿ ಚುಚ್ಚಿಸಿಕೊಂಡೋರೆಲ್ಲ ಹೋಗಿ ಪರೀಕ್ಷೆ ಮಾಡಿಸ್ಕೊಳ್ಳಿ. ಹೆಂಡ್ರನ್ನೂ ಕರ್ಕೊಂಡ್ ಹೋಗಿ, ಆದ್ರೆ ಹೆದರಿ ಅವ್ರನ್ನ ದೂರ ಇಡ್ಬೇಡಿ. ನಮ್ಮಪ್ಪನಿಗೆ ಗೊತ್ತಿರ್ಲಿಲ್ಲ. ಗೊತ್ತಿದ್ದಿದ್ರೆ ಮೊದ್ಲು ತನ್ ಕೈಯೇ ಕಡ್ಕೋತಿದ್ದ. ಅವನೂ ಇದ್ರಿಂದ್ಲೇ ಸತ್ತಿರ್ಬೇಕು, ಕುಡಿದು ಅಲ್ಲ."

ಇಮಾಮ್ ಸಾಬರು ಮೆಲ್ಲಗೆ ಎದ್ದು, ಪಟದ ಹಿಂದಿನಿಂದ ಸೂಜಿ ತೆಗೆದು, ದಪ್ಪ ಬಟ್ಟೆಯಲ್ಲಿ ಸುತ್ತಿದರು. "ಆಸ್ಪತ್ರೆಗೆ ಕೊಟ್ಟು ಬರ್ತೀನಿ. ಮೊದ್ಲು ನನ್ ರಕ್ತ ನೋಡ್ಲಿ," ಎಂದರು. ಅವರ ಕಣ್ಣು ತುಂಬಿತ್ತು. "ಜವರ ಕುಡೀತಿರ್ಲಿಲ್ಲ ಅಂತ ನಾ ಅವತ್ತೇ ಬಡ್ಕೊಂಡೆ. ಯಾರೂ ಕೇಳ್ಲಿಲ್ಲ."

ಅವರಿಗೂ ಇತ್ತು, ಇನ್ನೂ ಕೆಲವರಿಗಿತ್ತು. ಎಲ್ಲರೂ ಮಾತ್ರೆ ನುಂಗಿದರು. ಕೊನೆಯ ಪರೀಕ್ಷೆಯಲ್ಲಿ ನನ್ನ ಗಂಡನ ರಕ್ತದಲ್ಲಿ ವೈರಸ್ ಸಿಗಲಿಲ್ಲ. ನಾವು ಒಂದಾಗಲು ಅಲ್ಲಿಯವರೆಗೆ ಕಾದಿರಲೂ ಇಲ್ಲ, ಮತ್ತು ನನಗೇನೂ ಆಗಲಿಲ್ಲ. ಆದರೆ ನಾನು ಹೆಮ್ಮೆಯಿಂದ ನೆನೆಯುವುದು ಅದನ್ನಲ್ಲ, ಗರಡಿಯ ಆ ಬೆಳಿಗ್ಗೆಯನ್ನು.

ಅಂದು ನಾನು ಹೊರಡಲು ತಿರುಗಿದಾಗ ನನ್ನ ಗಂಡ ಅಖಾಡ ಬಿಟ್ಟು ಬಂದರು. ತಾಲೀಮಿನ ನಡುವೆ ಯಾವ ಪೈಲ್ವಾನನೂ ಹೆಂಡತಿಯನ್ನು ಮುಟ್ಟುವುದಿಲ್ಲ, ಅದೂ ಹತ್ತು ಜನರೆದುರು. ಅವರು ಹೊಸ್ತಿಲು ದಾಟಿ, ಎಲ್ಲರೂ ನೋಡುತ್ತಿರುವಂತೆಯೇ, ನನ್ನ ಭುಜದ ಮೇಲೆ ಕೈಯಿಟ್ಟರು. ಆ ಕೈ ಬೇಗ ಹಿಂದಕ್ಕೆ ಹೋಗಲಿಲ್ಲ.

"ನಡಿ, ಬಂದೆ," ಎಂದರು.

ಬೀದಿಯಲ್ಲಿ ಎದುರಾದವಳೊಬ್ಬಳು, "ಅಯ್ಯೋ, ಹೆಗಲ ಮೇಲೆ ಮಣ್ಣಾಗೈತಲ್ಲೇ, ಒದರ್ಕೋ," ಎಂದಳು. "ಇರ್ಲಿ ಬಿಡು," ಎಂದೆ. ಐದು ಬೆರಳೂ ಬಿಡಿಸಿ ಕಾಣುವಂತೆ ಭುಜದ ಮೇಲೆ ಮೂಡಿದ್ದ ಆ ಕೆಂಪು ಅಂಗೈಯನ್ನು ಹೊತ್ತು, ಸೆರಗು ಹೊದೆಯದೆ, ಊರ ನಡುಬೀದಿಯಲ್ಲೇ ನಿಧಾನವಾಗಿ ಮನೆಗೆ ನಡೆದೆ.